ಮಗುವಿನ ಕೈ ಯಾರು ಬಿಡಬೇಕು?

*ಇಂದಿನ ಧಮ್ಮ ಚಿಂತನೆ*

ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಮಹೋಸಧನ ಜಾತಕ ಕಥೆ ಓದಿದೆವು. ಒಂದು ಮಗುವಿಗಾಗಿ ಇಬ್ಬರ ಜಗಳ. ಒಬ್ಬಳು ಹೆತ್ತ ತಾಯಿ, ಇನ್ನೊಬ್ಬಳು ಹೆಣ್ಣಿನ ವೇಷದಲ್ಲಿ ಬಂದ ಯಕ್ಷಿಣಿ. ಮಹೋಸಧ ನೆಲದ ಮೇಲೆ ಗೆರೆ ಎಳೆದು ಮಗುವನ್ನು ಮಲಗಿಸಿ, ಒಬ್ಬಳು ಕೈ ಹಿಡಿಯಲಿ, ಇನ್ನೊಬ್ಬಳು ಕಾಲು ಹಿಡಿಯಲಿ, ಎಳೆದುಕೊಂಡವಳಿಗೆ ಮಗು ಅನ್ನುತ್ತಾನೆ. ಮಗು ನೋವಿನಿಂದ ಅತ್ತ ಕೂಡಲೇ ತಾಯಿ ಬಿಟ್ಟುಬಿಡುತ್ತಾಳೆ. ಬಿಟ್ಟವಳೇ ತಾಯಿ ಎಂದು ತೀರ್ಪಾಗುತ್ತದೆ.

ಎಲ್ಲರೂ ತಲೆದೂಗಿದರು. ಹಿರಿಯಮ್ಮ ಒಬ್ಬರು ಮಾತ್ರ ಕೇಳಿದರು: “ಎಳೆಯೋ ಇಬ್ಬರೂ ನಿಜವಾದ ಅಪ್ಪ ಅಮ್ಮನೇ ಆದ್ರೆ? ಆಗ ಯಾರು ಬಿಡಬೇಕಪ್ಪಾ?”

ನಾನು ತಲೆ ತಗ್ಗಿಸಿದೆ. ಏಕೆಂದರೆ ನಾನು ಎಳೆದವನು.

ನಾನೂ ನನ್ನ ಹೆಂಡತಿಯೂ ತ್ರಿಸರಣ, ಪಂಚಶೀಲ ಹೇಳಿ ಮದುವೆಯಾದವರು. ಬಾಳುವೆ ಕೂಡಿಬರಲಿಲ್ಲ. ಬೇರೆಯಾಗುವಾಗ ನೆಂಟರು, “ಬೌದ್ಧರಾಗಿ ಡೈವೋರ್ಸಾ?” ಎಂದರು. ಇದಕ್ಕೆ ನಾಚಬೇಕಿಲ್ಲ. ಹೆಣ್ಣಿಗೆ ವಿಚ್ಛೇದನದ ಹಕ್ಕು, ಆಸ್ತಿಯ ಹಕ್ಕು ಸಿಗಲೆಂದು ಹಿಂದೂ ಕೋಡ್ ಬಿಲ್‌ಗಾಗಿ ಹೋರಾಡಿದವರು ಬಾಬಾಸಾಹೇಬರು. ಅದನ್ನು ಕೈಬಿಟ್ಟದ್ದು 1951ರಲ್ಲಿ ಅವರು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು. ಹೊಡೆತ ಬಡಿತದ ಮನೆಯಲ್ಲಿ ಸಹಿಸಿಕೊಂಡು ಬಿದ್ದಿರುವುದು ಮೈತ್ರಿಯಲ್ಲ. ಬೇರೆಯಾಗುವುದು ತಪ್ಪಲ್ಲ. ಹೇಗೆ ಬೇರೆಯಾಗುತ್ತೇವೆ ಎಂಬುದರಲ್ಲಿ ಶೀಲ ಇದೆ.

ನಾನು ಎಡವಿದ್ದು ಅಲ್ಲಿ.

ಮಗಳು ತಾಯಿಯ ಹತ್ತಿರ ಇರಬೇಕು, ಭಾನುವಾರ ನಾನು ನೋಡಬಹುದು ಎಂದು ಕೋರ್ಟಿನಲ್ಲಿ ಆಯಿತು. ಆಗ ಅವಳಿಗೆ ಒಂಬತ್ತು ವರ್ಷ. ಪ್ರತಿ ಭಾನುವಾರ ಐಸ್‌ಕ್ರೀಂ ಕೊಡಿಸಿ ಕೇಳುತ್ತಿದ್ದೆ: ಮನೆಗೆ ಯಾರು ಬರ್ತಾರೆ? ಅಮ್ಮ ನನ್ನ ಬಗ್ಗೆ ಏನಂತಾಳೆ? ಒಮ್ಮೆ ಭೇಟಿ ತಪ್ಪಿತು. ಆ ಸಿಟ್ಟಿಗೆ ಎರಡು ತಿಂಗಳು ಶಾಲೆಯ ಫೀಸು ಕಟ್ಟಲಿಲ್ಲ. ಮಗುವಿನ ಖರ್ಚು ಮಗುವಿನ ಹಕ್ಕು. ನಾನು ಅದನ್ನು ಭೇಟಿಗೆ ಕೊಡುವ ಬಾಡಿಗೆ ಅಂದುಕೊಂಡಿದ್ದೆ.

ಒಂದು ದಿನ ಮಗಳು ಐಸ್‌ಕ್ರೀಂ ಮುಟ್ಟಲಿಲ್ಲ. “ಅಪ್ಪಾ, ನಾನು ಏನ್ ಹೇಳಿದ್ರೂ ಯಾರಿಗಾದ್ರೂ ಬೇಜಾರಾಗುತ್ತೆ. ಅದಕ್ಕೆ ನಾನೇನೂ ಹೇಳಲ್ಲ,” ಎಂದಳು.

ಆ ರಾತ್ರಿ ಪಂಚಶೀಲ ಹೇಳುವಾಗ ಎರಡನೆಯ ಶೀಲದಲ್ಲಿ ನನ್ನ ದನಿ ನಿಂತಿತು. ಕೊಡದೇ ಇರುವುದನ್ನು ತೆಗೆದುಕೊಳ್ಳುವುದಿಲ್ಲ. ಕಳ್ಳತನ ಮಾಡಿದವನಲ್ಲ ನಾನು, ಈ ಶೀಲ ನನಗೆ ಸುಲಭ ಎಂದೇ ತಿಳಿದಿದ್ದೆ. ಆದರೆ ತಾಯಿಯ ಮೇಲೆ ಮಗಳಿಗಿರುವ ಪ್ರೀತಿ ನನಗೆ ಕೊಟ್ಟದ್ದಲ್ಲ. ಅದನ್ನು ಚೂರು ಚೂರಾಗಿ ಕಿತ್ತುಕೊಳ್ಳುತ್ತಿದ್ದೆ. ಅಪ್ಪನನ್ನು ನೋಡಲು ಬಿಡದ ತಾಯಿಗೂ ಇದೇ ಮಾತು ಸಲ್ಲುತ್ತದೆ.

ರಾಹುಲನ ದೀಕ್ಷೆ ನೆನಪಿಸಿಕೊಳ್ಳಿ. ಮಗ ಸಿದ್ಧಾರ್ಥ ಮನೆ ಬಿಟ್ಟ, ನಂದ ಹೋದ, ಈಗ ಮೊಮ್ಮಗನೂ ಹೋದ ಎಂದು ಶುದ್ಧೋದನ ನೊಂದು ಬಂದು, ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ದೀಕ್ಷೆ ಕೊಡಬೇಡಿ ಎಂದು ಕೇಳಿದ. ಬುದ್ಧರು ಒಪ್ಪಿ, ಸಂಘಕ್ಕೆ ಅದನ್ನೇ ನಿಯಮ ಮಾಡಿದರು. ತಾನು ಸರಿ ಎಂದು ವಾದಿಸಲಿಲ್ಲ. ಮನೆಯವರ ನೋವು ಕೇಳಿ ನಿಯಮ ಬದಲಿಸಿದರು. ಬುದ್ಧರೇ ಬದಲಿಸಿದ ಮೇಲೆ ನನ್ನ ಹಟ ಯಾವ ಲೆಕ್ಕ?

ಕಾನೂನು ಕೂಡ ಕೇಳುವುದು ಮಗು ಯಾರದು ಎಂದಲ್ಲ, ಮಗುವಿಗೆ ಯಾವುದು ಒಳ್ಳೆಯದು ಎಂದು. 1956ರ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 13ನೇ ಕಲಂ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. 1955ರ ವಿವಾಹ ಕಾಯ್ದೆಯ 26ನೇ ಕಲಂ, ಸಾಧ್ಯವಾದ ಕಡೆ ಮಗುವಿನ ಇಷ್ಟವನ್ನೂ ನೋಡಬೇಕು ಎನ್ನುತ್ತದೆ. ಈ ಕಾಯ್ದೆಗಳ ಹೆಸರಿನಲ್ಲಿ ‘ಹಿಂದೂ’ ಎಂದಿದೆ, ನಮಗೆ ಸಲ್ಲುತ್ತವೆಯೇ ಎಂದು ಹಲವರು ಕೇಳುತ್ತಾರೆ. ಬೌದ್ಧರಿಗೂ ಅನ್ವಯಿಸುತ್ತವೆ. ಅದರಿಂದ ನಮ್ಮ ಧಮ್ಮ ಬದಲಾಗುವುದಿಲ್ಲ.

ಇಬ್ಬರೂ ಒಪ್ಪಿದರೆ 13ಬಿ ಕಲಂ ಅಡಿ ವಿಚ್ಛೇದನ ಪಡೆಯಬಹುದು. ಒಂದು ವರ್ಷ ಬೇರೆಯಾಗಿ ಇದ್ದಿರಬೇಕು. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣದಲ್ಲಿ ನ್ಯಾಯಾಲಯ ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ವಕೀಲರ ಫೀಸಿಗೆ ಹೆದರಿ ಕೂರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ.

ಆದರೆ ಭಾನುವಾರ ಮಗುವಿನ ಜೊತೆ ಏನು ಮಾತಾಡಬೇಕು ಎಂದು ಯಾವ ಕಲಂ ಕೂಡ ಹೇಳಿಕೊಡುವುದಿಲ್ಲ. ಅಲ್ಲಿ ಶೀಲವೇ ಬೇಕು.

ಬಾಕಿ ಫೀಸು ಕಟ್ಟಿದೆ. ಅವಳ ತಾಯಿಗೆ, “ತಪ್ಪಾಯ್ತು” ಎಂದು ಮೆಸೇಜ್ ಕಳಿಸಿದೆ. ಉತ್ತರ ಬರಲಿಲ್ಲ. ಬರಬೇಕೆಂಬ ಹಕ್ಕು ನನಗಿಲ್ಲ. ಈಗ ಭಾನುವಾರ ನಾನು ಮನೆಯ ಸುದ್ದಿ ಕೇಳುವುದಿಲ್ಲ. ಮೊದಲ ಕೆಲವು ವಾರ ಮಗಳೂ ಮಾತಾಡಲಿಲ್ಲ. ಸುಮ್ಮನೆ ಲೆಕ್ಕ ಹೇಳಿಕೊಟ್ಟೆ. ಕಳೆದ ತಿಂಗಳು ತಾನಾಗಿ, “ಅಮ್ಮ ಹೊಸ ಸೈಕಲ್ ಕೊಡಿಸಿದ್ಲು” ಎಂದಳು. ಹೇಳಿ ನನ್ನ ಮುಖ ನೋಡಿದಳು. ನಾನು, “ಯಾವ ಬಣ್ಣ?” ಎಂದೆ. ಅವಳು ನಕ್ಕಳು.

ಹಿರಿಯಮ್ಮನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಇಬ್ಬರೂ ನಿಜವಾದವರಾದರೆ ಇಬ್ಬರೂ ಎಳೆಯುವುದನ್ನು ಬಿಡಬೇಕು, ಹಿಡಿದುಕೊಳ್ಳುವುದನ್ನಲ್ಲ. ಯಾರು ಮೊದಲು ಎಂದು ಕಾಯುತ್ತಾ ಕೂತರೆ ಅಷ್ಟೂ ಹೊತ್ತು ನೋಯುವುದು ಮಗುವೇ.

*ಇಂದಿನ ಅಭ್ಯಾಸ:* ಇವತ್ತು ಮಕ್ಕಳ ಎದುರು ಮನೆಯ ಯಾರ ಬಗ್ಗೆಯೂ ಕಹಿ ಮಾತು ಆಡದೆ ಇರೋಣ.

ನಮೋ ಬುದ್ಧಾಯ. ಜೈ ಭೀಮ್. 🙏