ಎದೆಯ ಮೇಲಿನ ಸಾಕ್ಷಿ

ವ್ಯಾಸರಾಯರು ಶಿಷ್ಯರ ಕೈಗೆ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ಕಾಣದ ಕಡೆ ತಿಂದು ಬನ್ನಿ ಎಂದು ಕಳುಹಿಸಿದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲೇ ಕೇಳಿದವರು. ಮಿಕ್ಕವರು ಕದದ ಹಿಂದೆಯೊ ಕಂಬದ ಮರೆಯಲ್ಲೊ ತಿಂದು ಬಂದರು. ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು; ದೇವರು ಕಾಣದ ಎಡೆ ಅವರಿಗೆ ಸಿಕ್ಕಿರಲಿಲ್ಲ. ನಾವು ತಲೆದೂಗುವುದು ಕನಕದಾಸರಿಗೆ. ಆದರೆ ರಾಜ್ಯಭಾರ ಮಾಡುವವರು ಕನಕದಾಸರನ್ನು ನೆಚ್ಚಿ ಕೂರುವಂತಿಲ್ಲ. ಮಿಕ್ಕ ಶಿಷ್ಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಾಯಿದೆ ಮಾಡಬೇಕು. ಪೋಲೀಸಿನವರ ಎದೆಯ ಮೇಲೆ ಈಚೆಗೆ ಕಾಣಿಸಿಕೊಂಡಿರುವ ಪುಟ್ಟ ಕ್ಯಾಮರಾ ಆ ಮಿಕ್ಕ ಶಿಷ್ಯರಿಗಾಗಿ ಹುಟ್ಟಿದ ಯಂತ್ರ.

ಬೆಂಗಳೂರಿನ ಸರ್ಕಲ್ಲುಗಳಲ್ಲಿ ಸಂಚಾರ ಪೋಲೀಸರು ಅದನ್ನು ಧರಿಸಿರುವುದನ್ನು ನೀವೂ ಕಂಡಿರಬಹುದು. ಅದರ ಗುಣದೋಷಗಳನ್ನು ಒರೆಗೆ ಹಚ್ಚಿ ನೋಡಿರುವುದು ಮುಖ್ಯವಾಗಿ ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ರಿಯಾಲ್ಟೋ ಎಂಬ ಊರಿನಲ್ಲಿ 2012ರಲ್ಲಿ ಮೊದಲಾದ ಒಂದು ವರ್ಷದ ಪ್ರಯೋಗದಲ್ಲಿ, ಪೋಲೀಸರ ಮೇಲಿನ ದೂರುಗಳು 24ರಿಂದ 3ಕ್ಕೆ ಇಳಿದವು. ಬಲಪ್ರಯೋಗದ ಪ್ರಸಂಗಗಳು ಅರ್ಧಕ್ಕಿಂತ ಕಡಿಮೆಯಾದವು. ಎಲ್ಲರೂ ಹಿಗ್ಗಿದರು. ಆದರೆ ರಾಜಧಾನಿ ವಾಷಿಂಗ್‌ಟನ್ನಿನಲ್ಲಿ 2,000ಕ್ಕೂ ಹೆಚ್ಚು ಪೋಲೀಸರನ್ನು ಸೇರಿಸಿ ನಡೆಸಿ, 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

ನೀತಿಶಾಸ್ತ್ರ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುವುದುಂಟು. ನೋಡುವವರಿದ್ದಾರೆಂದು ಕೈ ಬಿಗಿಹಿಡಿದವನು ಸಜ್ಜನನೆ? ಆಕ್ಷೇಪ ಸರಿಯೇ, ಆದರೆ ನನಗೆ ಅದು ದೊಡ್ಡದಾಗಿ ಕಾಣುವುದಿಲ್ಲ. ಲಾಠಿ ಯಾರ ಬೆನ್ನಿನ ಮೇಲೆ ಬೀಳಲಿತ್ತೊ ಅವನನ್ನು ಕೇಳಬೇಕು. ಅದನ್ನು ತಡೆದದ್ದು ಧರ್ಮಬುದ್ಧಿಯೊ ಕ್ಯಾಮರಾದ ಅಂಜಿಕೆಯೊ ಎಂದು ಅವನು ವಿಚಾರಿಸಲು ನಿಲ್ಲುವುದಿಲ್ಲ. ಮನೆಗೆ ಹೋಗಿ ಹೆಂಡಿರು ಮಕ್ಕಳ ಮುಖ ನೋಡುತ್ತಾನೆ. ಬೀದಿಯಲ್ಲಿ ಪೆಟ್ಟು ತಿನ್ನುವ ಭಯವಿಲ್ಲದ ನಮ್ಮಂಥವರಿಗೇ ಇಂಥ ಸೂಕ್ಷ್ಮಗಳಿಗೆ ಪುರಸತ್ತು.

ನನಗೆ ತೊಡಕೆನಿಸುವುದು ಬೇರೆ. ಈ ಕಣ್ಣು ಕನಕದಾಸರ ದೇವರ ಕಣ್ಣಲ್ಲ. ಇದಕ್ಕೆ ರೆಪ್ಪೆಯಿದೆ; ರೆಪ್ಪೆಯನ್ನು ತೆರೆಯುವ ಗುಂಡಿ, ಯಾರ ನಡತೆಯನ್ನು ಕಾಯಬೇಕೊ ಅವನ ಬೆರಳಿನ ಕೆಳಗೇ ಇದೆ. ಸಾಲದ್ದಕ್ಕೆ, ಇದು ಹೊತ್ತವನನ್ನು ನೋಡುವುದಿಲ್ಲ, ಎದುರು ನಿಂತವನನ್ನು ನೋಡುತ್ತದೆ.

ಬಾಲ್ಟಿಮೋರ್ ನಗರದಲ್ಲಿ 2017ರ ಜನವರಿಯಲ್ಲಿ ನಡೆದದ್ದು ಇದು. ಒಬ್ಬ ಪೋಲೀಸಿನವನು ಹಿತ್ತಿಲ ಕಸದ ನಡುವೆ, ಮಾದಕ ವಸ್ತುವಿನ ಪೊಟ್ಟಣವಿದ್ದ ಡಬ್ಬಿಯೊಂದನ್ನು ಇಟ್ಟ. ಬೀದಿಗೆ ಬಂದು ಕ್ಯಾಮರಾದ ಗುಂಡಿ ಒತ್ತಿದ. ಮತ್ತೆ ಹಿತ್ತಿಲಿಗೆ ನಡೆದು, ಹುಡುಕುವವನಂತೆ ಹುಡುಕಿ, ಡಬ್ಬಿಯನ್ನು ಎತ್ತಿ ಹಿಡಿದ. ಗುಂಡಿ ಒತ್ತಿದ ಗಳಿಗೆಗೆ ಹಿಂದಿನ 30 ಸೆಕೆಂಡುಗಳ ಚಿತ್ರವನ್ನೂ, ಧ್ವನಿಯಿಲ್ಲದೆ, ಉಳಿಸಿಕೊಳ್ಳುವ ಏರ್ಪಾಡು ಆ ಯಂತ್ರದಲ್ಲಿತ್ತು. ಇಟ್ಟ ಕೈ, ಎತ್ತಿದ ಕೈ ಎರಡೂ ಒಟ್ಟಿಗೆ ಸಿಕ್ಕಿಬಿದ್ದವು. ಮೊದಲೇ ಸಿಕ್ಕಿದ್ದನ್ನು ಕ್ಯಾಮರಾಕ್ಕಾಗಿ ಇನ್ನೊಮ್ಮೆ ಮಾಡಿ ತೋರಿಸಿದೆ ಎಂಬುದು ಅವನ ಸಮಜಾಯಿಷಿ. ನ್ಯಾಯಾಲಯ ಒಪ್ಪಲಿಲ್ಲ, ಸಾಕ್ಷ್ಯ ಕಟ್ಟಿದ ಅಪರಾಧಕ್ಕೆ 2018ರಲ್ಲಿ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಆ ಡಬ್ಬಿಯ ಹೆಸರಿನಲ್ಲಿ ಹಿಡಿಯಲ್ಪಟ್ಟಿದ್ದವನು ಅಷ್ಟರಲ್ಲಿ ತಿಂಗಳುಗಟ್ಟಲೆ ಸೆರೆಯಲ್ಲಿ ಕಳೆದಿದ್ದ.

ಅವನು ಇನ್ನರ್ಧ ನಿಮಿಷ ತಡೆದು ಗುಂಡಿ ಒತ್ತಿದ್ದರೆ? ಕ್ಯಾಮರಾ ಒಂದು ಸುಳ್ಳನ್ನೂ ಆಡದೆ ಸುಳ್ಳುಸಾಕ್ಷಿ ನುಡಿಯುತ್ತಿತ್ತು. ‘ಅದು ನನ್ನದಲ್ಲ, ಸ್ವಾಮಿ’ ಎಂದು ಸೆರೆಯವನು ಎಷ್ಟು ಸಲ ಅತ್ತುಕೊಂಡರೂ ಕವಡೆ ಕಿಮ್ಮತ್ತು ಇರುತ್ತಿರಲಿಲ್ಲ. ಹಿಂದೆಯೂ ಬಡವನ ಮಾತಿಗಿಂತ ಪೋಲೀಸಿನವನ ಮಾತಿಗೆ ತೂಕ ಹೆಚ್ಚು, ನಿಜ. ಆದರೂ ಎರಡೂ ಮಾತೇ. ನ್ಯಾಯಾಧೀಶ ಎರಡನ್ನೂ ಸಂದೇಹಿಸಬಹುದಾಗಿತ್ತು. ಈಗ ಒಂದು ತಟ್ಟೆಯಲ್ಲಿ ಮಾತು, ಇನ್ನೊಂದರಲ್ಲಿ ಚಿತ್ರ. ಚಿತ್ರವನ್ನು ಸಂದೇಹಿಸುವ ಅಭ್ಯಾಸ ನಮಗಿನ್ನೂ ಬಂದಿಲ್ಲ.

ಆದ್ದರಿಂದ ಕ್ಯಾಮರಾ ಬೇಡವೆನ್ನುವುದಿಲ್ಲ. ಗುಂಡಿ ಅವನ ಕೈಯಲ್ಲಿರಬಾರದು. ಚಿತ್ರದ ಭಂಡಾರ ಅವನ ಠಾಣೆಯ ಬೀಗದೊಳಗಿರಬಾರದು. ಚಿತ್ರದಲ್ಲಿ ಸಿಕ್ಕಿದವನು ಕೇಳಿದರೆ ಅದು ಸಿಗಬೇಕು. ನಮ್ಮ ಸರ್ವೋಚ್ಚ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ ದೇಶದ ಪೋಲೀಸು ಠಾಣೆಗಳಲ್ಲೆಲ್ಲ, ಲಾಕಪ್ಪನ್ನೂ ಸೇರಿಸಿ, ಕ್ಯಾಮರಾ ಇರಬೇಕೆಂದು ಆಜ್ಞೆ ಮಾಡಿದಾಗ, ಠಾಣೆಯಲ್ಲಿ ಪೆಟ್ಟು ತಿಂದವರು ದೂರು ಕೊಟ್ಟರೆ ಮಾನವ ಹಕ್ಕುಗಳ ಆಯೋಗ ಆ ಚಿತ್ರಗಳನ್ನು ತರಿಸಿಕೊಳ್ಳಬಹುದೆಂದೂ ಹೇಳಿತು. ಎದೆಯ ಕ್ಯಾಮರಾಕ್ಕೂ ಅಂಥ ಕಟ್ಟಲೆ ಬೇಕು.

ಕಟ್ಟಲೆಯೆಲ್ಲ ನೆಟ್ಟಗಾಗಿ, ಗುಂಡಿಯನ್ನೂ ಹೊತ್ತಿಗೆ ಸರಿಯಾಗಿ ಒತ್ತಿದರೆ ಆಯಿತೆ? ಮಿನಿಯಾಪೊಲಿಸ್ ನಗರದಲ್ಲಿ 2020ರ ಮೇ 25ರಂದು ಗುಂಡಿ ಒತ್ತಿಯೇ ಇತ್ತು. ಪೋಲೀಸರ ಮೊದಲ ಹೇಳಿಕೆಯೇ ಕ್ಯಾಮರಾಗಳು ನಡೆಯುತ್ತಿದ್ದವೆಂದು ತಿಳಿಸಿತು. ಜಾರ್ಜ್ ಫ್ಲಾಯ್ಡನ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಮೀರಿ ಊರಿದ್ದ ಮೊಣಕಾಲಿನ ಸುದ್ದಿ ಮಾತ್ರ ಅದರಲ್ಲಿ ಇರಲಿಲ್ಲ. ಮೊಣಕಾಲೂರಿದವನ ಕ್ಯಾಮರಾ ಎಳೆದಾಟದಲ್ಲಿ ಕಳಚಿ ಕಾರಿನಡಿಗೆ ಬಿದ್ದಿತ್ತು. ಜೊತೆಯಲ್ಲಿದ್ದ ಮೂವರ ಎದೆಯ ಮೇಲಿನವು ತೆರೆದೇ ಇದ್ದವು; ಆ ಮೂವರಲ್ಲಿ ಒಬ್ಬನೂ ಅವನನ್ನು ಹಿಡಿದೆಳೆಯಲಿಲ್ಲ. ಲೋಕಕ್ಕೆ ಅದನ್ನು ತೋರಿಸಿದವಳು ಚಿಕ್ಕ ನೆಂಟಳೊಂದಿಗೆ ಅಂಗಡಿಗೆ ಬಂದಿದ್ದ 17 ವರ್ಷದ ಒಬ್ಬ ಹುಡುಗಿ. ಫುಟ್‌ಪಾತಿನಲ್ಲಿ ನಿಂತು ಮೊಬೈಲ್ ಎತ್ತಿ ಹಿಡಿದಳು. 2021ರಲ್ಲಿ ಸಾಕ್ಷಿ ಹೇಳಲು ಬಂದಾಗ ಅವಳು, ತಾನು ಇನ್ನೇನೂ ಮಾಡದೆ ಹೋದೆನಲ್ಲಾ, ಆ ಜೀವವನ್ನು ಉಳಿಸದೆ ಹೋದೆನಲ್ಲಾ ಎಂದು ಸತ್ತವನ ಕ್ಷಮೆ ಬೇಡುತ್ತ ಎಷ್ಟೋ ರಾತ್ರಿ ಎದ್ದು ಕುಳಿತಿದ್ದೆನೆಂದು ನ್ಯಾಯಾಲಯಕ್ಕೆ ತಿಳಿಸಿದಳು.