ಕಂಡರೆ ಸಾಲದು

ಪತ್ತೇದಾರಿಣಿಗೆ ದಿವ್ಯದೃಷ್ಟಿ ಕೊಟ್ಟರೆ ಕಾದಂಬರಿ ಮೊದಲ ಅಧ್ಯಾಯದಲ್ಲೇ ಮುಗಿಯಬೇಕಲ್ಲವೇ? ಕಣ್ಣು ಮುಚ್ಚಿದರೆ ಕೊಲೆಗಾರ ಕಾಣುತ್ತಾನೆಂದ ಮೇಲೆ ಬೆರಳಚ್ಚು ಏಕೆ, ರೈಲಿನ ವೇಳಾಪಟ್ಟಿ ಏಕೆ, ಸುಳ್ಳು ಹೇಳುವ ಅಡುಗೆಯವಳಾದರೂ ಏಕೆ? ಪಾದ್ರಿಯೂ ಪತ್ತೇದಾರಿ ಲೇಖಕನೂ ಆಗಿದ್ದ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಪ್ರಕಾರಕ್ಕೆ ಹತ್ತು ಕಟ್ಟಳೆ ಹಾಕಿದಾಗ ಅಲೌಕಿಕ ಶಕ್ತಿಗಳನ್ನು ಮುಲಾಜಿಲ್ಲದೆ ಹೊರಗಟ್ಟಿದ. ಕಾರಣ ಕೊಡಲಾಗದ ಹೊಳಹೊಂದು ಕೊನೆಗೆ ನಿಜವಾಗಿಬಿಡುವುದೂ ಕೂಡದು ಎಂದ. ಓದುಗನ ಜೊತೆ ಆಡುವ ಆಟದಲ್ಲಿ ಅದು ಮೋಸ.

ಆದರೂ ‘ಕೋಜಿ ಮಿಸ್ಟರಿ’ ಎಂಬ ಬೆಚ್ಚನೆಯ ಕೊಲೆಕಥೆಗಳಲ್ಲಿ, ಅಂದರೆ ಪುಟ್ಟ ಊರು, ಬೇಕರಿ, ಬೆಕ್ಕು, ರಕ್ತ ಕಣ್ಣಿಗೆ ಬೀಳದ ಹೆಣ ಇರುವಲ್ಲಿ, ಅತೀಂದ್ರಿಯ ಶಕ್ತಿಯ ಪತ್ತೇದಾರಿಣಿಯರಿಗೆ ಈಗ ಬರವಿಲ್ಲ. ಇವನ್ನು ಹಗುರವಾಗಿ ನೋಡುವುದು ರೂಢಿ. ನನಗೆ ಇವು ಜ್ಞಾನದ ಬಗ್ಗೆ ಒಂದು ಗಟ್ಟಿ ಪ್ರಶ್ನೆಯನ್ನು ತಮಗೇ ಅರಿವಿಲ್ಲದೆ ಎತ್ತುವ ಪುಸ್ತಕಗಳಾಗಿ ಕಾಣುತ್ತವೆ.

ಶಾರ್ಲೇನ್ ಹ್ಯಾರಿಸ್ ಬರೆದ ‘ಗ್ರೇವ್ ಸೈಟ್’ (2005) ನೋಡಿ. ಕೋಜಿಗಿಂತ ಕೊಂಚ ಕಪ್ಪು ಬಣ್ಣದ್ದೇ, ಇರಲಿ. ನಾಯಕಿ ಹಾರ್ಪರ್ ಕಾನೆಲಿಗೆ ಹದಿನೈದರ ಹರೆಯದಲ್ಲಿ ಸಿಡಿಲು ಬಡಿದಿದೆ. ಅಂದಿನಿಂದ ನೆಲದಡಿಯ ಹೆಣಗಳು ಅವಳಿಗೆ ಗೊತ್ತಾಗುತ್ತವೆ. ಸತ್ತದ್ದು ಹೇಗೆ ಎಂಬುದೂ ತಿಳಿಯುತ್ತದೆ. ಕೊಂದವರು ಯಾರೆಂದು ಮಾತ್ರ ತಿಳಿಯುವುದಿಲ್ಲ. ಲೇಖಕಿ ದೃಷ್ಟಿಯನ್ನು ಕೊಟ್ಟ ಕೈಯಲ್ಲೇ ಅರ್ಧ ಕಿತ್ತುಕೊಂಡಿದ್ದಾಳೆ. ಇದು ಕಥೆಯನ್ನು ಎಳೆಯುವ ಉಪಾಯವೂ ಹೌದು, ಆದರೆ ಅಷ್ಟೇ ಅಲ್ಲ. ಪೂರ್ತಿ ಕಂಡಿದ್ದರೂ ಹಾರ್ಪರಳ ಕೆಲಸ ಮುಗಿಯುತ್ತಿರಲಿಲ್ಲ. ಅವಳು ಕಂಡದ್ದನ್ನು ಉಳಿದವರು ಕಾಣಲಾರರು.

ಈ ತೊಡಕು ಹೊಸತಲ್ಲ. ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಯೋಗಿಯ ಪ್ರತ್ಯಕ್ಷವನ್ನು, ಅವನ ಅಲೌಕಿಕ ಕಾಣ್ಕೆಯನ್ನು, ಒಪ್ಪಿದವರು. ಆದರೂ ಅನುಮಾನದಲ್ಲಿ, ಅಂದರೆ ಕುರುಹಿನಿಂದ ತರ್ಕಿಸಿ ತಿಳಿಯುವುದರಲ್ಲಿ, ಸ್ವಾರ್ಥ (ತನಗಾಗಿ), ಪರಾರ್ಥ (ಪರರಿಗಾಗಿ) ಎಂದು ಎರಡು ಬಗೆ ಮಾಡಿದರು. ಬೆಟ್ಟದ ಮೇಲಿನ ಹೊಗೆ ಕಂಡು ಬೆಂಕಿಯಿದೆಯೆಂದು ನನಗೆ ನಾನೇ ತಿಳಿದುಕೊಳ್ಳುವುದು ಒಂದು. ಎದುರಿನವನಿಗೆ ಅದನ್ನೇ ಮನದಟ್ಟು ಮಾಡಿಸುವಾಗ ಪ್ರತಿಜ್ಞೆಯಿಂದ ನಿಗಮನದವರೆಗೆ ವಾದದ ಐದೂ ಅವಯವಗಳನ್ನು ಹೇಳಲೇಬೇಕು. ಪತ್ತೇದಾರಿ ಕಥೆಯ ರುಚಿ ಇರುವುದು ಈ ಎರಡನೆಯದರಲ್ಲಿ. ಪತ್ತೇದಾರಿ ಕಾದಂಬರಿಗಳ ಮುದುಕಿ ಮಿಸ್ ಮಾರ್ಪಲ್ ಹೆಣಿಗೆ ಹಾಕುತ್ತಲೇ ಹಂತಕನನ್ನು ಊಹಿಸಬಲ್ಲಳು, ಸರಿ. ಆದರೆ ಕೊನೆಗೆ ಎಳೆ ಎಳೆಯಾಗಿ ಬಿಡಿಸಿ ಹೇಳದಿದ್ದರೆ ನಾವು ಅವಳನ್ನು ಮೆಚ್ಚುತ್ತಿರಲಿಲ್ಲ.

ಕಂಡದ್ದೇ ಸಾಕ್ಷ್ಯವಾದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಸೇಲಂ ಇದೆ. 1692ರಲ್ಲಿ ಅಲ್ಲಿ ನಡೆದ ಮಾಟಗಾತಿ ವಿಚಾರಣೆಗಳಲ್ಲಿ, ಆರೋಪಿಯ ಛಾಯಾರೂಪ ಬಂದು ತಮ್ಮನ್ನು ಹಿಂಸಿಸಿತೆಂಬ ದೂರುದಾರರ ಹೇಳಿಕೆಗಳನ್ನು ನ್ಯಾಯಾಲಯ ಪರಿಗಣಿಸಿತು. ಆ ಹೊತ್ತಿಗೆ ತಾನು ಬೇರೆಲ್ಲೋ ಇದ್ದೆನೆಂದರೂ ಪ್ರಯೋಜನವಿಲ್ಲ. ಬಂದದ್ದು ಛಾಯೆ ತಾನೇ. ಹತ್ತೊಂಬತ್ತು ಮಂದಿ ಗಲ್ಲಿಗೇರಿದರು. ಮರುವರ್ಷ ಹೊಸ ನ್ಯಾಯಾಲಯ ಅಂಥ ಸಾಕ್ಷ್ಯವನ್ನು ತಳ್ಳಿಹಾಕಿದ್ದೇ ತಡ, ಉಳಿದ ಆರೋಪಿಗಳಲ್ಲಿ ಹೆಚ್ಚಿನವರು ಬಿಡುಗಡೆಯಾದರು.

ಇದು ಹಳೆಯ ಕಾಲದ ಮೌಢ್ಯ ಎಂದು ನಗುವ ಮೊದಲು ಮಂಪರು ಪರೀಕ್ಷೆಯನ್ನು ನೆನೆಯಬೇಕು. ಮದ್ದು ಚುಚ್ಚಿ ಮನಸ್ಸಿನೊಳಗೆ ಇಣುಕುವ ಈ ಆಸೆಗೆ ವಿಜ್ಞಾನದ ಬಿಳಿ ಕೋಟಿದೆ, ಅಷ್ಟೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡಕೂಡದು ಎಂದಿತು. ಒಪ್ಪಿ ಮಾಡಿಸಿಕೊಂಡರೂ ಅಲ್ಲಿ ಬಂದ ಮಾತು ತಾನಾಗಿ ಸಾಕ್ಷ್ಯವಾಗದು. ಅದರ ಜಾಡಿನಲ್ಲಿ ದೊರೆತ ವಸ್ತುವನ್ನು ಪರಿಗಣಿಸಬಹುದು. ಹಾರ್ಪರಳ ಪಾಡೂ ಇದೇ. ಅವಳಿಗೆ ಕಂಡದ್ದಕ್ಕೆ ಬೆಲೆಯಿಲ್ಲ, ಅಗೆದಾಗ ಸಿಕ್ಕ ಹೆಣಕ್ಕಿದೆ.

ಇಲ್ಲೊಂದು ಆಕ್ಷೇಪವಿದೆ: ಕಾದಂಬರಿಯಲ್ಲಿ ಆ ದೃಷ್ಟಿ ಸುಳ್ಳಾಗುವುದೇ ಇಲ್ಲ, ಲೇಖಕಿಯೇ ಅದಕ್ಕೆ ಜಾಮೀನು, ಹಾಗಾಗಿ ಓದುಗರಿಗೆ ಇದು ಕುರುಡು ನಂಬಿಕೆಯ ಪಾಠವಾಗದೇ? ಆಗಬಹುದು. ಆದರೆ ಕಥೆಯೊಳಗಿನ ಊರು ಅವಳನ್ನು ನಂಬುವುದಿಲ್ಲ. ಶೆರಿಫ್ ನಂಬುವುದಿಲ್ಲ. ಹೆಜ್ಜೆಹೆಜ್ಜೆಗೂ ಅವಳು ಪುರಾವೆ ತರಬೇಕು. ನಮ್ಮ ಸಿನಿಮಾದ ಖಡಕ್ ಇನ್‌ಸ್ಪೆಕ್ಟರನನ್ನು ಯಾರು ಹೀಗೆ ಕೇಳುತ್ತಾರೆ? ‘ಇವನೇ ಮಾಡಿದ್ದು, ನನ್ನ ಮನಸ್ಸು ಹೇಳುತ್ತಿದೆ’ ಎಂದರೆ ಸಾಕು, ಲಾಠಿ ಏಳುತ್ತದೆ, ಎನ್‌ಕೌಂಟರಿಗೆ ಚಿತ್ರಮಂದಿರ ಶಿಳ್ಳೆ ಹೊಡೆಯುತ್ತದೆ. ಅವನದೂ ದಿವ್ಯದೃಷ್ಟಿಯೇ. ಖಾಕಿ ತೊಟ್ಟಿರುವುದರಿಂದ ಅದನ್ನು ಅನುಭವ ಎಂದು ಕರೆದು ಸುಮ್ಮನಾಗುತ್ತೇವೆ.