ಕೆಂಪು ಬರೆಯದ ಲೆಕ್ಕ

ಸುರಪುರದ ಹತ್ತಿರದ ಬೋನಾಳ ಕೆರೆಯ ಏರಿಗೆ ಜನ ಬರುವುದು ಹಕ್ಕಿ ನೋಡಲು. 17ನೇ ಶತಮಾನದಲ್ಲಿ ಸುರಪುರದ ನಾಯಕ ಅರಸರು ಕಟ್ಟಿಸಿದ ಈ ಕೆರೆಯನ್ನು ಮುಂದೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುಧಾರಿಸಿದ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಇಳಿಯುತ್ತವೆ. ಆದರೆ ಹೊತ್ತು ಮುಳುಗುವ ವೇಳೆಗೆ ಕಣ್ಣು ತಾನಾಗಿಯೇ ಹಕ್ಕಿ ಬಿಟ್ಟು ಬಾನಿಗೆ ಏರುತ್ತದೆ. ಕೆರೆಯ ತುಂಬ ಬಾನಿನದೇ ಕೆಂಪು.

ಈ ಸಂಜೆಯನ್ನು ಕಂಪ್ಯೂಟರ್ ಪರದೆಗೆ ತರುವುದು ಹೇಗೆ? ಚಿತ್ರಕಾರನಾದರೆ ಕುಂಚವನ್ನು ಕೆಂಪಿನಲ್ಲಿ ಅದ್ದುತ್ತಾನೆ. 1982ರ ಎರಡನೆಯ 'ಸ್ಟಾರ್ ಟ್ರೆಕ್' ಸಿನಿಮಾಕ್ಕೆ ಕಂಪ್ಯೂಟರ್ ಚಿತ್ರಣದ ತಜ್ಞ ವಿಲಿಯಂ ರೀವ್ಸ್ ಒಂದು ಗ್ರಹವನ್ನೇ ಆವರಿಸುವ ಬೆಂಕಿ ಹಚ್ಚಿದಾಗಲೂ ಹೆಚ್ಚುಕಡಿಮೆ ಹಾಗೆಯೇ ಮಾಡಿದ: ಸಾವಿರಾರು ಕಣಗಳು, ಪ್ರತಿಯೊಂದಕ್ಕೂ ಒಂದು ಹುಟ್ಟು, ವೇಗ, ಬಣ್ಣ, ಆಯುಷ್ಯ. ಪರದೆಯ ಮೇಲಿನ ಜ್ವಾಲಾಮುಖಿಗಳು ಇಂದಿಗೂ ಆ ಉಪಾಯದ ಋಣದಲ್ಲಿವೆ.

ಆಕಾಶದ ಕಥೆ ಬೇರೆ. 1993ರಲ್ಲಿ ಜಪಾನಿನ ತೊಮೊಯುಕಿ ನಿಶಿತ ಮತ್ತು ಸಂಗಡಿಗರು ಭೂಮಿಯ ವಾತಾವರಣವನ್ನು ಚಿತ್ರಿಸಿದಾಗ ಬಣ್ಣ ಬಳಿಯಲಿಲ್ಲ, ಬೆಳಕು ಚದುರುವ ಲೆಕ್ಕ ಹಾಕಿದರು. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ಚದುರಿಸುತ್ತವೆ. ನೆತ್ತಿಯ ಸೂರ್ಯನ ಬೆಳಕಿಗಿಂತ ಅಂಚಿನ ಸೂರ್ಯನ ಬೆಳಕು ಸುಮಾರು 38 ಪಟ್ಟು ಗಾಳಿಯನ್ನು ಹಾಯ್ದು ಬರಬೇಕು. ನೀಲಿ ದಾರಿಯಲ್ಲೇ ಚದುರಿ, ಕೆಂಪು ಮಾತ್ರ ನಮ್ಮವರೆಗೆ ಮುಟ್ಟುತ್ತದೆ. ಸೂರ್ಯನ ಕೋನ, ಗಾಳಿಯ ದಪ್ಪ, ಧೂಳಿನ ಗಾತ್ರ ಕೊಟ್ಟರೆ ಸಾಕು, ಸಂಜೆ ತಾನೇ ಕೆಂಪಾಗುತ್ತದೆ. 'ಸಂಜೆ ಕೆಂಪು' ಎಂದು ಆ ಲೆಕ್ಕದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಧೂಳಿನ ಗಾತ್ರ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಸಾಕ್ಷಿಯಿದೆ. 1883ರ ಆಗಸ್ಟಿನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿಯಿತು. ಸೆಪ್ಟೆಂಬರಿನಲ್ಲಿ ಮದರಾಸಿನವರ ಕಣ್ಣಿಗೆ ಸೂರ್ಯ ಹಸಿರಾಗಿ ಕಂಡ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಮಿಚಿ ಸ್ಮಿತ್ ಅದನ್ನು ಗಮನಿಸಿ ದಾಖಲಿಸಿದರು. ಕಣಗಳು ಒಂದು ನಿರ್ದಿಷ್ಟ ಗಾತ್ರದವಾದಾಗ ನೀಲಿಗಿಂತ ಕೆಂಪೇ ಹೆಚ್ಚು ಚದುರುತ್ತದೆ. ಪ್ರೋಗ್ರಾಮಿನಲ್ಲಿಯೂ ಅಷ್ಟೇ: ಧೂಳಿನ ಗಾತ್ರದ ಒಂದು ಅಂಕಿ ತಿದ್ದಿದರೆ ಸೂರ್ಯನ ಬಣ್ಣವೇ ಬದಲು.

ಜ್ವಾಲಾಮುಖಿಯ ಬೆಂಕಿಯ ನೆನಪು ಬೋನಾಳದ ಈ ಸೀಮೆಗೂ ಉಂಟು. ಸುರಪುರದ ಬೆಟ್ಟಗಳು ಗ್ರಾನೈಟಿನವು. ಆದರೆ ಕೃಷ್ಣಾ-ಭೀಮಾ ನಡುವಿನ ಈ ಸೀಮೆಯಲ್ಲಿ ವಾಯವ್ಯಕ್ಕೆ ಹೋದಂತೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ ಕರಿಕಲ್ಲಾಗಿ ಹಾಸಿಕೊಂಡಿದೆ. ಸಿನಿಮಾದವರು ತೋರಿಸುವ ಚೂಪು ಬೆಟ್ಟದ ಬಾಯಿಂದ ಚಿಮ್ಮಿದ ಬೆಂಕಿಯಲ್ಲ ಅದು, ಹೆಚ್ಚಾಗಿ ನೆಲ ಬಿರಿದ ಉದ್ದ ಸೀಳುಗಳಿಂದ ಪದರ ಪದರವಾಗಿ ಹರಿದದ್ದು. ಆ ಕಾಲದ ಸಂಜೆಗಳನ್ನು ನೋಡಿದ ಮನುಷ್ಯ ಇಲ್ಲ. ಧೂಳು, ಅನಿಲಗಳ ಅಂದಾಜು ಹಾಕಿ ಕಂಪ್ಯೂಟರಿನಲ್ಲಿ ಒಂದನ್ನು ಮೂಡಿಸಬಹುದು, ಅಷ್ಟೇ.

ಲೆಕ್ಕ ತಿಳಿದರೆ ಬೆರಗು ಹೋಗುತ್ತದೆ ಎನ್ನುವವರಿದ್ದಾರೆ. ಬೆರಗಿನ ಬೇರು ಅಜ್ಞಾನದಲ್ಲಿದ್ದರೆ ಸೂತ್ರ ಕೈಗೆ ಬಂದ ದಿನವೇ ಅದು ಒಣಗಬೇಕಿತ್ತು. ಆದರೆ ಸೂತ್ರ ಬರೆದವರೇ ಧೂಳಿನ ಗಾತ್ರವನ್ನು ಒಂದಿಷ್ಟು ಬದಲಿಸಿ, ಈ ಸಲ ಎಂಥ ಸಂಜೆ ಬಂದೀತು ಎಂದು ಪರದೆಯ ಮುಂದೆ ಕಾಯುತ್ತಾರೆ.